ಅರ್ಧ ಬಡಿಸಿದ ರೆಕ್ಕೆ

ಲೋಕ ಆಗಿನ್ನೂ ಎಷ್ಟು ಹೊಸದು ಅಂದ್ರೆ, ಗುಡ್ಡ ಮುಟ್ಟಿದ್ರೆ ಹಸಿರು ಕೈಗೆ ಅಂಟ್ತಿತ್ತು.

ಹುಳಗಳಿಗೆ ಆಗ ಕಾಲೂ ಇಲ್ಲ, ರೆಕ್ಕೆಯೂ ಇಲ್ಲ. ಬಳೆ ಜೋಡಿಸಿಟ್ಟ ಹಾಗೆ ಬರೀ ಉಂಗುರದ ಹಿಂದೆ ಉಂಗುರ. ಎಲ್ಲರೂ ಒಂದೇ ಥರ ಇದ್ದದ್ದರಿಂದ ಯಾರ ಹೆಂಡತಿ ಯಾರು ಅಂತ ಆಗಾಗ ಗಲಾಟೆ ಆಗ್ತಿತ್ತು.

ಕೊನೆಗೆ ಹೊಳೆಯಿಂದ ಏಡಿಯಜ್ಜಿ ಒಂದು ಬುಟ್ಟಿ ಹೊತ್ತು ಬಂದಳು. ಬುಟ್ಟಿ ತುಂಬ ಮೀಸೆ, ಕಾಲು, ರೆಕ್ಕೆ.

"ಸಾಲಾಗಿ ಕೂತ್ಕೊಳ್ರೋ. ಎಲ್ಲರಿಗೂ ಅದೇ ಬುಟ್ಟಿ, ತಲೆಯಿಂದ ಬಾಲಕ್ಕೆ ಅದೇ ಸಾಲು. ಬೇಡದ ಕಡೆ ಸಾಕು ಅನ್ನಿ. ಸಾಕು ಅಂದಮೇಲೆ ಮತ್ತೆ ಬಡಿಸಲ್ಲ. ಹಾಕಿದ್ದು ವಾಪಸ್ ತಗೊಳಲ್ಲ."

ಎರೆಹುಳ ಬುಟ್ಟಿ ನೋಡೋ ಮೊದಲೇ ಸಾಕು ಅಂದ. ಜರಿಹುಳ ತೂಕಡಿಸ್ತಿದ್ದ. ರೆಕ್ಕೆಯ ಸರದಿಗೆ ಎಚ್ಚರವಾಗಿ ಸಾಕು ಅಂತ ಕಿರುಚೋ ಹೊತ್ತಿಗೆ ಉಂಗುರಕ್ಕೊಂದು ಜೊತೆ ಕಾಲು ಬಿದ್ದಿತ್ತು.

ಆಮೇಲೆ ನೊಣಕ್ಕನ ಸರದಿ. ಅವಳು ಮೂರು ದಿನದಿಂದ ಉಪವಾಸ. ಎದೆಯ ಮೂರು ಉಂಗುರಕ್ಕೆ ಮೂರು ಜೊತೆ ಕಾಲು ಹಾಕಿಸ್ಕೊಂಡಳು. ನಡುವಿನ ಉಂಗುರಕ್ಕೆ ಒಂದು ಜೊತೆ ರೆಕ್ಕೆ ಬಿತ್ತು. ಹಿಂದಿನ ಉಂಗುರಕ್ಕೆ ಅಜ್ಜಿ ಇನ್ನೊಂದು ಜೊತೆ ಶುರು ಮಾಡಿದ್ದಳಷ್ಟೇ, ಗಾಳಿ ಓಡಿ ಬಂತು.

"ಆಚೆ ದಡದಲ್ಲಿ ಹಲಸು ಬಿರಿದಿದೆ! ಇನ್ನೇನು ಹೊಳೆಗೆ ಬೀಳುತ್ತೆ!"

"ಸಾಕಜ್ಜೀ, ಸಾಕು!"

"ಇದಿನ್ನೂ ಮೊಳಕೆ ಕಣೇ."

"ಸಾಕು ಅಂದ್ನಲ್ಲ!"

"ನಿನ್ನಿಷ್ಟ ತಾಯಿ," ಅಂದು ಅಜ್ಜಿ ಮುಂದೆ ಹೋದಳು.

ಪಕ್ಕದಲ್ಲಿ ಕೊಡತಿಹುಳ, ಅದೇ ಹೆಲಿಕಾಪ್ಟರ್ ಥರ ಹಾರುತ್ತಲ್ಲ ಅದು, ನಾಲ್ಕು ರೆಕ್ಕೆ ಪೂರ್ತಿ ಹಾಕಿಸ್ಕೊಂಡು ಬಿಸಿಲಿಗೆ ಒಣಗಿಸ್ತಿತ್ತು. "ಏನಕ್ಕಾ, ಬೆನ್ನಲ್ಲಿ ಸಾಸಿವೆ ಮೊಳೆತಿದೆ?"

ನೊಣಕ್ಕ ತಿರುಗಿ ನೋಡಿದಳು. ರೆಕ್ಕೆಗಳ ಹಿಂದೆ ಎರಡು ಪುಟ್ಟ ಕಡ್ಡಿ, ತುದಿಗೊಂದೊಂದು ಗುಂಡು. ನಾಚಿಕೆ ಆಯ್ತು. ಹಿಂಗಾಲಲ್ಲಿ ಅವನ್ನ ಒತ್ತಿ ಹಿಡಿದು ಹಾರಿದಳು.

ಹಾರಿ ಎಮ್ಮೆಯ ಹಣೆಗೆ ಬಡಿದಳು. ಮತ್ತೆ ಹಾರಿದಳು. ಗಿರಗಿರ ಸುತ್ತಿ ಸಗಣಿಯಲ್ಲಿ ತಲೆಕೆಳಗಾಗಿ ನಿಂತಳು.

"ಹೊಳೆ ಆ ಕಡೆ," ಅಂತು ಎಮ್ಮೆ.

ಅಷ್ಟರಲ್ಲಿ ಆಚೆ ದಡದಲ್ಲಿ ಹಲಸಿನ ತೊಟ್ಟು ಟಿಕ್ ಅಂತು. ನಾಚಿಕೆಗೆ ಪುರುಸೊತ್ತಿರಲಿಲ್ಲ. ನೊಣಕ್ಕ ಹಿಂಗಾಲಿನ ಹಿಡಿತ ಬಿಟ್ಟು ಹಾರಿದಳು. ಆ ಗುಂಡುಕಡ್ಡಿಗಳು ರೆಕ್ಕೆ ಜೊತೆ ತಾವೂ ಪಟಪಟ ಬಡಿದವು. ಮೈ ಎಡಕ್ಕೆ ವಾಲಿದ್ರೆ ತಕ್ಷಣ ಗೊತ್ತಾಯ್ತು. ಬಲಕ್ಕೆ ವಾಲಿದ್ರೂ ಗೊತ್ತಾಯ್ತು. ನೆಟ್ಟಗೆ ಹೊಳೆ ದಾಟಿ, ಗಾಳಿಯಲ್ಲೇ ತಿರುಗಿ, ಹಣ್ಣಿನ ಮೇಲಿಳಿದು ಹೊಟ್ಟೆ ತುಂಬ ತಿಂದಳು. ಹಣ್ಣು ದೊಪ್ಪಂತ ನೀರಿಗೆ ಬಿದ್ದಾಗ ಅವಳಾಗಲೇ ಮೇಲಿನ ಕೊಂಬೆಗೆ ತಲೆಕೆಳಗಾಗಿ ಅಂಟಿದ್ದಳು, ಈ ಸಲ ಬೇಕಂತಲೇ.

ಇವತ್ತಿಗೂ ಪ್ರತಿ ಹುಳದ ಮೊಟ್ಟೆಯೊಳಗೂ ಅದೇ ಬುಟ್ಟಿ, ಅದೇ ಸಾಲು. ಯಾವ ಉಂಗುರ ಯಾವಾಗ ಸಾಕು ಅನ್ನುತ್ತೆ ಅನ್ನೋದೊಂದೇ ಬೇರೆ. ನೊಣದ ಹಿಂದಿನ ಉಂಗುರ ಈಗಲೂ ಮೊಳಕೆ ಹೊತ್ತಿಗೇ ಸಾಕು ಅನ್ನುತ್ತೆ. ಅದಕ್ಕೇ ನೀನು ಎರಡೂ ಕೈ ಬೀಸಿ ನೊಣ ಹೊಡೆಯೋಕೆ ಹೋದಾಗ, ಅದು ಆ ಎರಡು ಗುಂಡುಕಡ್ಡಿ ಆಡಿಸ್ತಾ ತಪ್ಪಿಸ್ಕೊಳ್ಳುತ್ತೆ, ನಿನ್ನ ಕೈಗೆ ನಿನ್ನದೇ ಏಟು ಬೀಳುತ್ತೆ.