ಸಿಂಗಳೀಕದ ಕಾವಲುಗಾರನ ಪೇಟ

"ಗುರುಗಳೇ, ಸಿಂಗಳೀಕ ಮೇಲೋ, ಸೂರಕ್ಕಿ ಮೇಲೋ?" ಎಂದು ಮರಿದೇವ ಕೇಳಿದ.

ಕಾಡಿನ ಜೀವಿಗಳ ಪಟ್ಟಿ ಬರೆಯಲು ಗುರುಗಳು ಶಿಷ್ಯರಿಗೆ ಹೇಳಿದ್ದರು. ಮರಿದೇವನ ಪಾಲಿಗೆ ಸಿಂಗಳೀಕ ಬಂದಿತ್ತು, ಅವನ ಗೆಳೆಯನಿಗೆ ಸೂರಕ್ಕಿ. ಉತ್ತರವನ್ನೂ ಅವನೇ ಕೊಟ್ಟುಕೊಂಡ: "ಸಿಂಗಳೀಕ ಮೊಲೆಯುಣಿಸುವ ಜಾತಿ, ನಮ್ಮದೇ ಬಳಗ. ಸಾಲದ್ದಕ್ಕೆ ಅಳಿವಿನ ಅಂಚಿನಲ್ಲಿದೆ. ಸೂರಕ್ಕಿ ಮೊಟ್ಟೆಯಿಡುವ ಹಕ್ಕಿ. ಅದಕ್ಕೇನೂ ಅಳಿವಿನ ಆತಂಕವಿಲ್ಲ ಎಂದು ಬರೆದರೆ ಮುಗಿಯಿತು."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಾವಲುಗಾರನಿದ್ದ. ಅವನ ಗುಡ್ಡದಲ್ಲಿ ಇಪ್ಪತ್ತೊಂದು ಸಿಂಗಳೀಕಗಳಿದ್ದವು. ವರ್ಷಕ್ಕೊಮ್ಮೆ ಸೀಮೆಯ ಕಾವಲುಗಾರರೆಲ್ಲ ಒಂದೆಡೆ ಸೇರಿ ತಮ್ಮ ತಮ್ಮ ಎಣಿಕೆ ಒಪ್ಪಿಸುತ್ತಿದ್ದರು. ಯಾರು ಕಾಯುವ ಪ್ರಾಣಿ ಎಲ್ಲಕ್ಕಿಂತ ಕಡಿಮೆಯೋ ಅವನಿಗೆ ಪೇಟ ಸುತ್ತುವುದು ಅಲ್ಲಿಯ ವಾಡಿಕೆ. ಹತ್ತು ವರ್ಷದಿಂದ ಆ ಪೇಟ ಇವನ ತಲೆ ಬಿಟ್ಟು ಇಳಿದಿರಲಿಲ್ಲ. ಅದನ್ನು ಕಟ್ಟಿಕೊಂಡು ಹೊರಟರೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೆಮ್ಮೆಪಡಬೇಕಾದ್ದೇ, ಬಿಡಿ, ಮಳೆ ಚಳಿ ಎನ್ನದೆ ಕಾದವನು ಅವನು.

ಆ ವರ್ಷ ನಾಲ್ಕು ಮರಿ ಹುಟ್ಟಿದವು. ತಾಯಂದಿರ ಹೊಟ್ಟೆಗೆ ಅಂಟಿಕೊಂಡಿದ್ದ ಮರಿಗಳನ್ನು ಕಂಡು ಅವನು ಹಿಗ್ಗಲಿಲ್ಲ, ಬೆರಳು ಮಡಿಚಿ ಎಣಿಸಿದ. ಇಪ್ಪತ್ತೈದಾದರೆ ಪೇಟ ಕೈತಪ್ಪಿತು. ನೀರುನಾಯಿ ಕಾಯುವವನ ಹತ್ತಿರ ಇಪ್ಪತ್ತಮೂರೇ ಇವೆ. ಅವನು ಮರಿಗಳನ್ನು ಬಿಟ್ಟು ಹಳೆಯ ಎಣಿಕೆಯನ್ನೇ ಒಪ್ಪಿಸಿದ. ಪೇಟ ಮತ್ತೆ ತಲೆಗೇರಿತು.

ಪಕ್ಕದಲ್ಲಿ ಸೂರಕ್ಕಿ ಕಾಯುವವನು ಕುಳಿತಿದ್ದ.

"ಒಂದು ಸಲಾನೂ ಪೇಟ ಕಂಡವನಲ್ಲ ನೀನು. ಬೇಜಾರಾಗಲ್ವೇನಯ್ಯಾ?" ಎಂದು ಇವನು ಛೇಡಿಸಿದ.

"ಯಾಕಪ್ಪಾ ಬೇಜಾರು? ಈ ವರ್ಷಾನೂ ನನ್ನ ಹಕ್ಕಿ ಎಣಿಸಿ ಮುಗೀಲಿಲ್ಲ" ಎಂದ ಅವನು, ಎದೆಯುಬ್ಬಿಸಿ. "ಆ ಪೇಟ ನನ್ನ ತಲೆಗೆ ಬರದೇ ಇರ್ಲಿ ಅಂತಾನೇ ಕಾಯ್ತಿದೀನಿ."

ಸಿಂಗಳೀಕದ ಕಾವಲುಗಾರನಿಗೆ ನಾಚಿಕೆಯಾಯಿತು. ಆಮೇಲೆ ಎದ್ದು ನಿಂತು, ಎಲ್ಲರೆದುರು ಪೇಟ ಬಿಚ್ಚಿ, ನೀರುನಾಯಿ ಕಾಯುವವನ ಕೈಗಿಟ್ಟ.

"ನಾಲ್ಕು ಮರಿ ಬಿಟ್ಟು ಹೇಳಿದ್ದೆ. ನಮ್ಮವು ಇಪ್ಪತ್ತೈದು!" ಎಂದ. ಅಷ್ಟು ಗಟ್ಟಿಯಾಗಿ ಅವನು ಅಲ್ಲಿ ಎಂದೂ ಮಾತಾಡಿರಲಿಲ್ಲ. ಬರಿದಲೆಯಲ್ಲಿ ಗುಡ್ಡ ಹತ್ತಿದವನ ನಡಿಗೆ ಇನ್ನೂ ಬಿರುಸಾಗಿತ್ತು.

ಕತೆ ಮುಗಿಯಿತು. ಮರಿದೇವ ತನ್ನ ಪಟ್ಟಿಯನ್ನೇ ನೋಡುತ್ತ ಕುಳಿತಿದ್ದ. ಗುರುಗಳು ಕೇಳಿದರು:

"ಸಿಂಗಳೀಕಕ್ಕೂ ಆತಂಕವಿಲ್ಲ ಎಂದು ಬರೆಯುವ ದಿನ ಬಂದರೆ, ಮರಿದೇವ, ನಿನಗೆ ಸಂತೋಷವಾಗುತ್ತದೆಯೇ?"