ಸುರುಳಿಯ ಕೆಳಗಿನ ತಟ್ಟೆ

ಚಿಕ್ಕವೀರಯ್ಯನವರು ತಮ್ಮ ಜೀವಮಾನದ ತಿಳಿವನ್ನೆಲ್ಲ ಒಬ್ಬನೇ ಒಬ್ಬನ ಕಿವಿಯಲ್ಲಿ ಹೇಳಿದ್ದರು. ಆ ಕಿವಿ ನನ್ನದು.

ಸುಳ್ಳು. ನಾನು ಅವರನ್ನು ಕಂಡದ್ದು ಒಂದೇ ಸಲ, ಊಟದ ಪಂಕ್ತಿಯಲ್ಲಿ, ಮೂರನೇ ಬಾರಿ ಪಾಯಸಕ್ಕೆ ಕೈ ಚಾಚಿದಾಗ. ಅವರು ನಕ್ಕರು, ಅಷ್ಟೆ. ಆದರೆ ಈ ಒಲೆಯ ಕಥೆ ಮುಕ್ಕಾಲು ಪಾಲು ನಿಜ.

ಕಪಿಲೆಯ ದಂಡೆಯಲ್ಲಿ ಅವರ ಆಶ್ರಮ. ಬಂದವರಿಗೆಲ್ಲ ಊಟ. ಅಡುಗೆಗೆ ಶಿಷ್ಯ ಕರಿಬಸವ. ಕರಿಬಸವನಿಗೆ ಒಂದು ಕರೆಂಟ್ ಒಲೆ, ಯಾರೋ ಭಕ್ತರು ಕೊಟ್ಟದ್ದು.

ಒಲೆಗೆ ನಾಲ್ಕು ಸುರುಳಿ. ಸ್ವಿಚ್ ತಿರುಗಿಸಿದರೆ ಕೆಂಡದ ಬಣ್ಣಕ್ಕೆ ಬರುತ್ತಿದ್ದವು. ಪ್ರತಿ ಸುರುಳಿಯ ಕೆಳಗೂ ಒಂದು ಹೊಳೆಯುವ ತಟ್ಟೆ, ನಡುವೆ ಸಣ್ಣ ತೂತು, ತೂತಿನ ಸುತ್ತ ಎತ್ತರದ ಅಂಚು. ಉಕ್ಕಿದ್ದು ಚೆಲ್ಲಿದ್ದು ಒಲೆಯ ಹೊಟ್ಟೆಯೊಳಗಿನ ವೈರುಗಳ ಮೇಲೆ ಬೀಳದಂತೆ ಅದು ಹಿಡಿದುಕೊಳ್ಳಬೇಕು.

ಬೆಳಗ್ಗೆ ಗುರುಗಳು ಜಗಲಿಯ ಮೇಲೆ ಕೂರುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಚಾಪೆ, ಶಿಷ್ಯನ ಜಾಗ. ಮೂರು ವರ್ಷದಿಂದ ಅದು ಖಾಲಿ.

ಕರಿಬಸವನಿಗೆ ಆ ಚಾಪೆಯ ಮೇಲೇ ಕಣ್ಣು.

"ಬುದ್ಧಿ, ನಾನು ಯಾವಾಗ ನಿಮ್ಮ ಪಕ್ಕ ಕೂರೋದು?"

"ಒಲೆಯ ತಟ್ಟೆ ಸರಿಯಾದ ದಿನ."

ಕರಿಬಸವ ಅಡುಗೆಮನೆಗೆ ಓಡಿದ. ತಟ್ಟೆಗಳು ಕರ್ರಗೆ, ಮೂರು ವರ್ಷದ ಸಾರು ಹಾಲು ಸುಟ್ಟು ಹತ್ತಿಕೊಂಡು, ಯಾವುದು ಲೋಹ ಯಾವುದು ಬೇಳೆ ಎಂದು ಗೊತ್ತಾಗದಂತಿದ್ದವು. ಸುರುಳಿಯನ್ನು ಎತ್ತಿ ಎಳೆದು ಕಳಚಿದ. ತಟ್ಟೆಗಳನ್ನು ಸೋಡಾ ಹಾಕಿದ ಬಿಸಿನೀರಲ್ಲಿ ನೆನೆಸಿದ. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಉಗುರೂ ಸವೆಯಿತು. ಕಪ್ಪು ಅರ್ಧ ಹೋಯಿತು, ಅರ್ಧ ಹೋಗಲಿಲ್ಲ.

ಉಳಿದರ್ಧಕ್ಕೆ ಅವನೊಂದು ಉಪಾಯ ಹುಡುಕಿದ. ಪ್ರಸಾದ ಕಟ್ಟುವ ಬೆಳ್ಳಿ ಕಾಗದವನ್ನು ನಾಲ್ಕೂ ತಟ್ಟೆಗೆ ನೀಟಾಗಿ ಹೊದಿಸಿ ಗುರುಗಳನ್ನು ಕರೆದ.

ಗುರುಗಳು ಬಗ್ಗಿ ನೋಡಿದರು.

"ಇದಕ್ಕೇನಪ್ಪಾ, ಚಳಿಯಾ?"

"ಹಾಗಲ್ಲ ಬುದ್ಧಿ..."

"ಕಂಬಳಿ ಹೊದ್ಕೊಂಡು ಮಲಗಿದೆ. ಉಸಿರಾಡೋ ತೂತೂ ಮುಚ್ಚಿಬಿಟ್ಟಿದ್ದೀಯ. ಸುರುಳಿ ಸುಟ್ಟುಹೋದೀತು, ತೆಗಿ."

ಅವರು ಹೊರಟುಹೋದರು. ಚಾಪೆ ಖಾಲಿಯೇ ಉಳಿಯಿತು.

ಕರಿಬಸವ ಅಂದು ಮನಸ್ಸಿನಲ್ಲೇ ಹಟ ತೊಟ್ಟ. ಸಂಕ್ರಾಂತಿಯೊಳಗೆ ಚಾಪೆ ಸಿಗದಿದ್ದರೆ ಗಂಟು ಕಟ್ಟಿಕೊಂಡು ಬೇರೆ ಆಶ್ರಮಕ್ಕೆ ಹೋಗಿಬಿಡುವುದು.

ಹಳೆಯ ತಟ್ಟೆಗಳನ್ನು ಅಳತೆಗೆಂದು ಕಂಕುಳಲ್ಲಿಟ್ಟುಕೊಂಡು ಪೇಟೆಗೆ ಹೋದ. ಎರಡು ದೊಡ್ಡವು, ಎರಡು ಚಿಕ್ಕವು, ಹೊಚ್ಚ ಹೊಸವನ್ನು ತಂದ. ಮುಖ ಕಾಣುವಷ್ಟು ಹೊಳಪು. ಅವನ ಮುಖವೇ ನಾಲ್ಕು ಸಲ ಅವನನ್ನು ನೋಡಿ ನಕ್ಕಿತು.

ಆದರೆ ಇಟ್ಟು ಅಡುಗೆ ಮಾಡಿದರೆ ಕೊಳೆಯಾಗುತ್ತವಲ್ಲ?

ಅದಕ್ಕೂ ಅವನ ಬಳಿ ದಾರಿಯಿತ್ತು. ಬೆಳಗ್ಗೆ ಅಡುಗೆಗೆ ಮುಂಚೆ ತಟ್ಟೆಗಳನ್ನು ತೆಗೆದು, ಮಡಿಬಟ್ಟೆಯಲ್ಲಿ ಸುತ್ತಿ, ದೇವರ ಗೂಡಿನಲ್ಲಿಡುವುದು. ಅಡುಗೆ ಮುಗಿದು ಒಲೆ ಆರಿದ ಮೇಲೆ ತಂದು ಕೂರಿಸುವುದು. ತಟ್ಟೆಯ ಆಸರೆಯಿಲ್ಲದೆ ಸುರುಳಿಗಳು ಓಲಾಡುತ್ತಿದ್ದವು. ಒಂದು ಕೈಯಲ್ಲಿ ಪಾತ್ರೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಒಗ್ಗರಣೆ ಹಾಕುತ್ತಿದ್ದ.

ಒಂದು ಬೆಳಗ್ಗೆ ಹೊಳೆಯಾಚೆಯ ಪುಟ್ಟಗೌರಮ್ಮ ಬಂದರು. ಗುರುಗಳು ಇನ್ನೂ ಸ್ನಾನದಿಂದ ಬಂದಿರಲಿಲ್ಲ. ಆಕೆ ನೇರ ಅಡುಗೆಮನೆ ಬಾಗಿಲಿಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅಯ್ಯಾ, ನನ್ನ ತಮ್ಮನ ಹೆಂಡ್ತಿ ನೆನ್ನೆ ಏನಂದ್ಲು ಗೊತ್ತಾ? ನನ್ನ ಹೊಟ್ಟೆ ಕುದೀತಾ ಇದೆ..."

"ನನ್ಹತ್ರ ಬೇಡಿ ತಾಯಿ," ಎಂದು ಕರಿಬಸವ ಎರಡು ಹೆಜ್ಜೆ ಹಿಂದೆ ಸರಿದ. "ನಾನು ಈಗ ತಾನೇ ಸ್ನಾನ, ಧ್ಯಾನ ಎಲ್ಲ ಮುಗಿಸಿದ್ದೀನಿ."

"ನಾನು ಮಾತಾಡಿದ್ರೆ ಮೈಲಿಗೆಯಾ?"

"ಮೈಗಲ್ಲ ತಾಯಿ, ಮನಸ್ಸಿಗೆ."

ಒದ್ದೆ ಬಟ್ಟೆಯಲ್ಲಿ ಮೆಟ್ಟಿಲು ಹತ್ತುತ್ತಿದ್ದ ಗುರುಗಳಿಗೆ ಇದು ಕೇಳಿಸಿತು. ಪುಟ್ಟಗೌರಮ್ಮನನ್ನು ಜಗಲಿಗೆ ಕರೆದುಕೊಂಡು ಹೋದರು. ಆಕೆ ಒಂದು ಗಂಟೆ ಬೈದರು, ಅರ್ಧ ಗಂಟೆ ಅತ್ತರು, ಆಮೇಲೆ ಎರಡು ಮುದ್ದೆ ಉಂಡು ಮನೆಗೆ ಹೋದರು. ನಾದಿನಿಗೆಂದು ಒಂದು ಬಾಳೆಹಣ್ಣನ್ನೂ ಕೇಳಿ ಇಸಿದುಕೊಂಡು ಹೋದರು.

ಸಂಜೆ ಗುರುಗಳು ಒಲೆ ನೋಡಲು ಬಂದರು.

"ಬಹಳ ಚೆಂದ. ತಂದು ಎಷ್ಟು ದಿನ ಆಯ್ತು?"

"ಇಪ್ಪತ್ತು ದಿನ ಬುದ್ಧಿ."

"ಇಪ್ಪತ್ತು ದಿನದಲ್ಲಿ ಒಂದು ಹನಿ ಸಾರೂ ಬಿದ್ದಿಲ್ಲ?"

"ಒಂದೇ ಒಂದು ಹನಿಯೂ ಇಲ್ಲ ಬುದ್ಧಿ!"

"ಹಾಗಾದ್ರೆ ಇನ್ನೂ ಸರಿಯಾಗಿಲ್ಲ."

ಕರಿಬಸವನಿಗೆ ಅಂದು ಊಟ ಸೇರಲಿಲ್ಲ. ಇದಕ್ಕಿಂತ ಹೊಳಪನ್ನು ಎಲ್ಲಿಂದ ತರುವುದು?

ಸಂಕ್ರಾಂತಿ ಬಂದೇಬಿಟ್ಟಿತು. ಹೊಳೆಯಲ್ಲಿ ಮಿಂದ ಜನ ಊಟಕ್ಕೆ ಸಾಲು ಕಟ್ಟಿದ್ದರು. ದೊಡ್ಡ ಪಾತ್ರೆಯಲ್ಲಿ ಪಾಯಸ ಕುದಿಯುತ್ತಿತ್ತು. ತಟ್ಟೆಗಳು ಗೂಡಿನಲ್ಲಿ ಮಡಿಯಾಗಿದ್ದವು. ಕರಿಬಸವ ದ್ರಾಕ್ಷಿ ಹುರಿಯಲು ಒಂದು ಕ್ಷಣ ಕೈ ಬಿಟ್ಟ. ಸುರುಳಿ ಓಲಿತು, ಪಾತ್ರೆ ವಾಲಿತು, ಪಾಯಸ ಉಕ್ಕಿ ನೇರ ಒಲೆಯ ಹೊಟ್ಟೆಗಿಳಿಯಿತು.

ಚಟ್ ಎಂದಿತು. ಹೊಗೆ ಬಂತು. ಆಶ್ರಮದ ಕರೆಂಟೆಲ್ಲ ಹೋಯಿತು.

ಜನ ಅವಲಕ್ಕಿ ಬೆಲ್ಲ ತಿಂದು, ಹಬ್ಬದ ಮಾತಾಡಿಕೊಂಡು ಎದ್ದರು. ಕರಿಬಸವ ಮೂಲೆಯಲ್ಲಿ ಕೂತು ತನ್ನ ಎರಡು ಪಂಚೆಯನ್ನು ಗಂಟು ಕಟ್ಟುತ್ತಿದ್ದ.

ಗುರುಗಳು ಬಾಗಿಲಲ್ಲಿ ನಿಂತರು.

"ಗಂಟು ಆಮೇಲೆ ಕಟ್ಟುವೆಯಂತೆ. ಮೊದಲು ಮೇನ್ ಆಫ್ ಮಾಡಿದ್ದೀಯಾ ನೋಡು."

ಅವನು ನೋಡಿ ಬಂದ. ಗುರುಗಳು ಒಲೆಯ ಮೇಲ್ಮುಚ್ಚಳ ಎತ್ತಿ ನಿಲ್ಲಿಸಿದರು. ಒಳಗೆ ವೈರುಗಳ ಮೇಲೆ ಶ್ಯಾವಿಗೆ ಅಂಟಿಕೊಂಡಿತ್ತು.

"ತಟ್ಟೆ ಎಲ್ಲಿ?"

"ದೇವರ ಗೂಡಲ್ಲಿ ಬುದ್ಧಿ."

"ಅಲ್ಲೇನು ಕೆಲಸ ಅದಕ್ಕೆ?"

"ಇಲ್ಲಿದ್ರೆ ಕೊಳೆಯಾಗುತ್ತೆ ಅಂತ..."

ಗುರುಗಳು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ ನಕ್ಕರು. ಕರಿಬಸವನಿಗೆ ಮೊದಲು ಅಳು ಬಂತು, ಆಮೇಲೆ ಅವನಿಗೂ ತಡೆಯಲಾಗದೆ ನಗು ಬಂತು.

ಇಬ್ಬರೂ ಕೂತು ಒಂದೊಂದೇ ಶ್ಯಾವಿಗೆ ಎಳೆ ಬಿಡಿಸಿದರು. ಮಾರನೆಯ ದಿನ ಪೇಟೆಯಿಂದ ರಿಪೇರಿಯವನು ಬಂದು ಸುಟ್ಟ ವೈರು ಬದಲಾಯಿಸಿ ಹೋದ.

ಗುರುಗಳು ಹೊಸ ತಟ್ಟೆಗಳನ್ನು ಗೂಡಿನಿಂದ ತಾವೇ ತಂದು ಕೂರಿಸಿದರು. ಮೇಲೆ ಸುರುಳಿ ಸಿಕ್ಕಿಸಿದರು. ಅಲುಗಾಡಲಿಲ್ಲ. ಒಂದು ಪಾತ್ರೆಯ ತುಂಬ ಹಾಲಿಟ್ಟರು.

ಹಾಲು ಏರಿತು. ಕರಿಬಸವನ ಕೈ ಸ್ವಿಚ್ಚಿನತ್ತ ಹಾರಿತು. ಗುರುಗಳು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಬುದ್ಧಿ, ಉಕ್ಕುತ್ತೆ!"

"ಉಕ್ಕಲಿ."

"ಬುದ್ಧಿ, ತಟ್ಟೆ!"

"ಇದೆಯಲ್ಲ."

ಹಾಲು ಉಕ್ಕಿತು. ಬುಸ್ಸೆಂದು ಸುರುಳಿಯ ಮೇಲೆ ಹರಿದು, ತಟ್ಟೆಗಿಳಿದು, ಅಲ್ಲೇ ನಿಂತಿತು. ಗುರುಗಳು ಸ್ವಿಚ್ ಆರಿಸಿದರು. ಒಲೆ ತಣ್ಣಗಾಗುವವರೆಗೆ ಇಬ್ಬರೂ ಉಳಿದ ಹಾಲು ಕುಡಿಯುತ್ತ ಕೂತರು.

ಆಮೇಲೆ ಕರಿಬಸವ ತಟ್ಟೆ ತೆಗೆದು ತೊಳೆದ. ಅಂಚಿನಲ್ಲಿ ಕಂದು ಬಣ್ಣದ ಒಂದು ಗೆರೆ ಉಳಿಯಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಹೆದರುತ್ತಲೇ ತಂದು ತೋರಿಸಿದ.

ಗುರುಗಳು ಅದನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದರು.

"ಈಗ ಸರಿಯಾಯ್ತು. ನಾಳೆ ಬೆಳಗ್ಗೆ ಚಾಪೆ ಮೇಲೆ ಬಂದು ಕೂರು."

ಕರಿಬಸವ ತಟ್ಟೆಯನ್ನೇ ನೋಡುತ್ತ ನಿಂತ. ಮೂರು ವರ್ಷ ಕಾದ ಮಾತು ಬಂದಿತ್ತು.

"ಅಲ್ಲಿ ಕೂತು ನಾನೇನು ಮಾಡಬೇಕು ಬುದ್ಧಿ?"

"ಮೊದಲು ಪುಟ್ಟಗೌರಮ್ಮ ಬರ್ತಾಳೆ."

ಹೊರಗೆ ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು. ಕರಿಬಸವ ಗಂಟು ಬಿಚ್ಚಿ ಪಂಚೆಗಳನ್ನು ಹಗ್ಗದ ಮೇಲೆ ಹಾಕಿ ಬಂದ. ತಟ್ಟೆಯನ್ನು ಸುರುಳಿಯ ಕೆಳಗೆ ಕೂರಿಸಿ, ಬೆರಳಿನಿಂದ ಒತ್ತಿ ನೋಡಿದ.

"ಬುದ್ಧಿ, ಹೀಗೇ ಹಿಡಿದೂ ಹಿಡಿದೂ ಇದು ಒಂದು ದಿನ ಪೂರ್ತಿ ಸವೆದುಹೋದ್ರೆ?"

ಸ್ವಲ್ಪ ತಡೆಯಿರಿ. ಗುರುಗಳು ಕೊಟ್ಟ ಉತ್ತರ ಹೇಳಲು ಗಂಟಲು ಒಣಗಿದೆ. ಈ ಟೀ ದುಡ್ಡು ನೀವೇ ಕೊಡುತ್ತೀರಿ ತಾನೇ? ಸಂತೋಷ.

ಗುರುಗಳು ಅಂದರು:

"ಬದಲಾಯಿಸಬೇಕು ಕಣಪ್ಪಾ. ನನಗೂ ಎಂಬತ್ತೊಂದಾಯ್ತು."