ಕುಳ್ಳ ಬಸರಿಗೆ ಯಾವ ಮಣ್ಣು?

ಕರಡಿಗುಡ್ಡದ ತಪ್ಪಲಿನಲ್ಲಿ ಒಂದು ಕೊಳ. ಕೊಳದ ದಡದಲ್ಲಿ ಒಂದು ಚಪ್ಪಟೆ ಕಲ್ಲು. ಆ ಕಲ್ಲಿನ ಮೇಲೆ, ಒಡೆದ ಮಡಕೆಯ ತಳದಲ್ಲಿ, ಒಂದು ಬಸರಿಮರ ಇತ್ತು.

ಮಕ್ಕಳೇ, ಮರ ಅಂದೆ, ಗಿಡ ಅನ್ನಲಿಲ್ಲ. ಅದರ ಎತ್ತರ ಕೂತ ಮೊಲದಷ್ಟೇ. ಆದರೆ ಕಾಂಡ ಅಜ್ಜನ ಮೊಣಕೈಯಂತೆ ಸುಕ್ಕುಗಟ್ಟಿತ್ತು, ಕೊಂಬೆಗಳು ಹರಡಿದ್ದವು, ಕೆಳಗೆ ಅಂಗೈಯಗಲ ನೆರಳೂ ಬೀಳುತ್ತಿತ್ತು. ಇಂಥ ಮರವನ್ನು ನೀವು ಬೋನ್ಸಾಯ್ ಎನ್ನುತ್ತೀರಿ. ಕೊಳದವರು ಕುಳ್ಳಮರ ಎನ್ನುತ್ತಿದ್ದರು.

ಅದನ್ನು ಬೆಳೆಸಿದವಳು ಮುಳ್ಳುಹಂದಿ ಸೂಜಕ್ಕ. ಗುಡ್ಡದ ಮೇಲಿನ ಹುಲಿಬಂಡೆಯ ಬಿರುಕಿನಲ್ಲಿ ಮೊಳೆತಿದ್ದ ಸಸಿಯನ್ನು ಕಿತ್ತು ತಂದು, ವರ್ಷಗಟ್ಟಲೆ ಸಾಕಿ, ಇಷ್ಟು ಮಾಡಿದ್ದಳು. ಸಂಜೆಯಾದರೆ ಇರುವೆ, ಕಪ್ಪೆ, ಬಸವನಹುಳು ಎಲ್ಲರೂ ಅದರ ಸುತ್ತ ಸೇರುತ್ತಿದ್ದರು. ಯಾಕೆ ಗೊತ್ತೇ? ದೊಡ್ಡ ಮರಗಳ ಬುಡ ಬಿಟ್ಟರೆ ಅವರು ಬೇರೇನನ್ನೂ ಕಂಡವರಲ್ಲ. ತುದಿಯವರೆಗೂ ಕಣ್ಣಿಗೆ ಸಿಗುವ ಮರ ಅವರ ಪಾಲಿಗೆ ಅದೊಂದೇ.

ಮರದ ಕ್ಷೌರಿಕ ಏಡಿ ಇಕ್ಕಳಪ್ಪ. ಹೊಸ ಚಿಗುರನ್ನು ತನ್ನ ಇಕ್ಕಳದಿಂದ ಚಿಟಿಕ್ಕೆಂದು ಕತ್ತರಿಸಿ ಅಂದ ಮಾಡುವುದರಲ್ಲಿ ಅವನದು ಎತ್ತಿದ ಕೈ. ಒಳ್ಳೆಯವನೇ. ಆದರೆ ತನಗೆ ಹಿಡಿಸಿದ್ದು ಲೋಕಕ್ಕೆಲ್ಲ ಹಿಡಿಸಲೇಬೇಕು ಎನ್ನುವ ಹಟ ಅವನಿಗೆ. ಒಮ್ಮೆ ಜ್ವರ ಬಂದ ಮೊಲವನ್ನು ಕೆಸರಿನಲ್ಲಿ ಮಲಗಿಸಿ, ತಂಪಾಗಿದೆಯೇ ಎಂದು ಕೇಳಿದ್ದನಂತೆ.

ಆ ಬೇಸಿಗೆಯ ಕೊನೆಗೆ, ಗುಡ್ಡದ ಆಚೆಗಿದ್ದ ಮಗಳಿಗೆ ದಿನ ತುಂಬಿದೆ ಎಂದು ಸೂಜಕ್ಕನಿಗೆ ಸುದ್ದಿ ಬಂತು. ಬಾಣಂತನಕ್ಕೆ ಹೊರಡುವಾಗ ಅವಳು ಮರವನ್ನು ಇಕ್ಕಳಪ್ಪನಿಗೆ ಒಪ್ಪಿಸಿದಳು. ಮೇಲ್ಮಣ್ಣು ಒಣಗಿದರೆ ನೀರು ಹಾಕು, ಚಿಗುರು ಉದ್ದವಾದರೆ ಚಿವುಟು, ಇನ್ನೇನೂ ಬೇಡ ಎಂದಳು.

ಅವಳು ಕಣ್ಮರೆಯಾಗುವುದೇ ತಡ, ಇಕ್ಕಳಪ್ಪ ಮಡಕೆಯೊಳಗೆ ಇಣುಕಿದ. ಒಳಗಿದ್ದದ್ದು ನೊರಜುಕಲ್ಲು, ಹೆಂಚಿನ ಚೂರು, ಅಲ್ಲಲ್ಲಿ ಒಂದಿಷ್ಟು ಕೊಳೆತ ತರಗೆಲೆ. ಅಯ್ಯೋ ಪಾಪ, ಇಷ್ಟು ವರ್ಷ ಈ ಮರ ಕಲ್ಲು ತಿಂದು ಬದುಕಿದೆ, ಕುಳ್ಳಾಗದೆ ಇನ್ನೇನಾದೀತು ಎಂದುಕೊಂಡ.

ಕೊಳದ ತಳಕ್ಕಿಳಿದು ಕಪ್ಪು ಗೋಡುಮಣ್ಣು ತಂದ. ಬೆಣ್ಣೆಯಂಥ ಮಣ್ಣು, ಅವನ ಹಾಸಿಗೆಯೂ ಅದೇ. ಹಳೆಯ ಕಲ್ಲುಚೂರನ್ನೆಲ್ಲ ಕೆರೆದು ಎಸೆದು, ಆ ಗೋಡನ್ನು ಬೇರಿನ ಸುತ್ತ ಒತ್ತಿ ಒತ್ತಿ ತುಂಬಿದ. ಸಂಜೆ ಬಂದವರಿಗೆಲ್ಲ, ಇನ್ನು ನೋಡ್ತಾ ಇರಿ, ಈ ಮರ ಆನೆಯ ಬೆನ್ನು ಮುಟ್ಟುತ್ತದೆ ಎಂದು ಹೇಳಿದ. ಕಪ್ಪೆ ಮುಖ ಸಣ್ಣದು ಮಾಡಿತು. ಹಾಗಾದರೆ ನಮಗೆ ತುದಿ ಕಾಣುವುದು ಹೇಗೆ ಎಂಬುದು ಅದರ ಚಿಂತೆ.

ಮೊದಲ ಕೆಲವು ದಿನ ಮರ ಚೆನ್ನಾಗಿಯೇ ಇತ್ತು. ಆಮೇಲೆ ಮಳೆ ಹಿಡಿಯಿತು. ಮಡಕೆಯಲ್ಲಿ ಬಿದ್ದ ನೀರು ಕೆಳಗಿಳಿಯದೆ ಬಟ್ಟಲ ಪಾಯಸದಂತೆ ನಿಂತಿತು. ಎಲೆಗಳು ಹಳದಿಯಾದವು. ಹಸಿವೇ ಇರಬೇಕು ಎಂದು ಇಕ್ಕಳಪ್ಪ ಇನ್ನಷ್ಟು ಗೋಡು ತಂದು ಮೆತ್ತಿದ. ಎಲೆಗಳು ಉದುರತೊಡಗಿದವು. ಬುಡದಿಂದ ಕೊಳೆತ ಮೂಲಂಗಿಯ ವಾಸನೆ ಬಂತು.

ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಾ ಕೂರುವ ಓತಿಕ್ಯಾತ ಬಿಸಿಲಪ್ಪನಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ. ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾ ಬಂದ.

"ಕೆಸರಿನಲ್ಲಿ ಯಾರಾದರೂ ಬದುಕುತ್ತಾರೇನಣ್ಣ? ಮರಳು ಹಾಕು. ಬರೀ ಮರಳು. ಬೆಚ್ಚಗೆ, ಒಣಗಿಕೊಂಡು, ಹಾಯಾಗಿರುತ್ತೆ."

ಹೆದರಿದವನಿಗೆ ಯಾರು ಹೇಳಿದ್ದೂ ವೇದವಾಕ್ಯ. ಇಕ್ಕಳಪ್ಪ ಗೋಡನ್ನೆಲ್ಲ ತೆಗೆದು ಹೊಳೆಮರಳು ತುಂಬಿದ. ಮಳೆಯೂ ಬಿಡುವು ಕೊಟ್ಟು ಬಿಸಿಲು ಬಂತು. ಈಗ ಹಾಕಿದ ನೀರು ನಿಲ್ಲುವುದೇ ಇಲ್ಲ, ಮೇಲೆ ಹೊಯ್ದರೆ ಕೆಳಗಿನ ತೂತಿನಿಂದ ಸೊರ್ರೆಂದು ಹೊರಗೆ. ಪಾಪದ ಏಡಿ ಬಸವನಹುಳುವಿನ ಹಳೆಯ ಚಿಪ್ಪಿನಲ್ಲಿ ನೀರು ತುಂಬಿಕೊಂಡು ಕೊಳಕ್ಕೂ ಕಲ್ಲಿಗೂ ಅಡ್ಡಡ್ಡ ಓಡಿದ್ದೇ ಓಡಿದ್ದು. ಉಳಿದಿದ್ದ ಎಲೆಗಳೂ ತುದಿಯಿಂದ ಸುರುಟಿದವು. ಎಡಗಡೆಯ ದೊಡ್ಡ ಕೊಂಬೆ ಒಣಗಿಯೇ ಹೋಯಿತು.

ಆ ಸಂಜೆ ಇರುವೆಗಳು ಬಂದು, ಬರಿದಾದ ತುದಿಯನ್ನು ನೋಡಿ, ಸಾಲಾಗಿ ವಾಪಸಾದವು. ಇಕ್ಕಳಪ್ಪನಿಗೆ ಅಳು ಬಂತು. ಕೆಸರು ನನಗೆ ಒಗ್ಗುತ್ತದೆ, ಮರಳು ಬಿಸಿಲಪ್ಪನಿಗೆ ಒಗ್ಗುತ್ತದೆ, ಈ ಮರಕ್ಕೆ ಏನು ಒಗ್ಗುತ್ತದೆ ಎಂದು ನಾವಿಬ್ಬರೂ ಕೇಳಲೇ ಇಲ್ಲವಲ್ಲ ಎಂದು ಅವನಿಗೆ ಆಗ ಹೊಳೆಯಿತು. ಆದರೆ ಮರಕ್ಕೆ ಬಾಯಿಲ್ಲ. ಕೇಳುವುದು ಯಾರನ್ನು?

"ಇದು ಹುಟ್ಟಿದ ಜಾಗವನ್ನೇ ಕೇಳೋಣ," ಎಂದ ಇಕ್ಕಳಪ್ಪ, ಬಿಸಿಲಪ್ಪನ ಕಡೆ ತಿರುಗಿ. "ನನ್ನನ್ನು ಹುಲಿಬಂಡೆಗೆ ಕರೆದುಕೊಂಡು ಹೋಗ್ತೀಯಾ?"

ಬಿಸಿಲಪ್ಪ ತಲೆಯಾಡಿಸುವುದನ್ನು ನಿಲ್ಲಿಸಿದ. ಬೋಳು ಬಂಡೆಯ ಮೇಲೆ ಏಡಿ ನಡೆಯುವುದೆಂದರೆ ಹದ್ದಿಗೆ ಎಲೆ ಹಾಕಿ ಬಡಿಸಿದಂತೆ. ಆದರೂ ಇಬ್ಬರೂ ಬೆಳಗಿನ ಮಬ್ಬಿನಲ್ಲಿ ಹೊರಟರು. ಮೇಲೊಂದು ನೆರಳು ಸುತ್ತಿದಾಗ ಬಿಸಿಲಪ್ಪ ಎದುರು ದಿಕ್ಕಿಗೆ ಓಡಿ ಹದ್ದಿನ ಕಣ್ಣು ಸೆಳೆದ. ಆ ಸಂದಿನಲ್ಲಿ ಇಕ್ಕಳಪ್ಪ ಬಿರುಕಿನೊಳಗೆ ನುಸುಳಿಕೊಂಡ. ಬಿಸಿಲಪ್ಪ ಸುತ್ತು ಹಾಕಿ ಬಂದು ಸೇರಿದಾಗ ಬಾಲದ ತುದಿ ಸ್ವಲ್ಪ ಕಮ್ಮಿಯಾಗಿತ್ತು.

ಬಿರುಕಿನಲ್ಲಿ ಇನ್ನೊಂದು ಪುಟ್ಟ ಬಸರಿ ಹಸಿರಾಗಿ ನಿಂತಿತ್ತು. ಇಕ್ಕಳಪ್ಪ ಅದರ ಬುಡ ಕೆದಕಿದ. ಬಂಡೆ ಸವೆದು ಉದುರಿದ ನೊರಜು, ಅದರ ನಡುನಡುವೆ ಪುಡಿಪುಡಿಯಾದ ತರಗೆಲೆ ಗೊಬ್ಬರ. ಹಿಂದಿನ ಮಳೆಯ ನೀರು ಎಂದೋ ಇಳಿದುಹೋಗಿತ್ತು, ಆದರೂ ಆ ಪುಡಿ ತಣ್ಣಗಿತ್ತು. ಇಕ್ಕಳದಲ್ಲಿ ಒಂದು ಹಿಡಿ ತೆಗೆದು ಅದುಮಿ ನೋಡಿದ. ಗೋಡಿನಂತೆ ಮುದ್ದೆಯಾಗಿ ಅಂಟಲಿಲ್ಲ. ಮರಳಿನಂತೆ ಸೋರಿಯೂ ಹೋಗಲಿಲ್ಲ. ಉಂಡೆಯಾಗಿ ನಿಂತಿತು. ಮೆಲ್ಲಗೆ ಮುಟ್ಟಿದರೆ ಉದುರಿತು.

"ನೀರು ನಿಲ್ಲಬಾರದು, ತೇವ ಹೋಗಬಾರದು," ಎಂದ ಇಕ್ಕಳಪ್ಪ. "ಬೇರಿಗೆ ಉಸಿರಾಡಲು ಸಂದೂ ಬೇಕು. ನಾನು ಅದರ ಮೂಗು ಮುಚ್ಚಿದ್ದೆ ಕಣಯ್ಯ."

"ನಾನು ಬಾಯಿ ಒಣಗಿಸಿದೆ," ಎಂದ ಬಿಸಿಲಪ್ಪ.

ಮರಳಿ ಬಂದವರೇ ಕೆಲಸಕ್ಕೆ ನಿಂತರು. ತಾನು ಎಸೆದಿದ್ದ ಕಲ್ಲುಚೂರು, ಹೆಂಚಿನ ಚೂರುಗಳನ್ನು ಇಕ್ಕಳಪ್ಪ ಒಂದೊಂದೇ ಹುಡುಕಿ ಹೆಕ್ಕಿದ. ನುಣ್ಣನೆಯ ಧೂಳು ಸೇರಿದರೆ ಸಂದು ಕಟ್ಟೀತೆಂದು ಬಿಸಿಲಪ್ಪ ಬಾಲ ಬೀಸಿ ಧೂಳು ಹಾರಿಸಿದ. ಇರುವೆಗಳು ತರಗೆಲೆ ಗೊಬ್ಬರ ಹೊತ್ತು ತಂದವು. ಬೆರೆಸಿ, ಅದುಮಿ ನೋಡಿ, ಅಂಟಾದರೆ ಚೂರು ಸೇರಿಸಿ, ಸೋರಿದರೆ ಗೊಬ್ಬರ ಸೇರಿಸಿ, ಹದ ಬರುವವರೆಗೆ ಬಿಡಲಿಲ್ಲ. ಕೊಳೆತ ಬೇರುಗಳನ್ನು ಇಕ್ಕಳಪ್ಪ ಕತ್ತರಿಸಿ ತೆಗೆದ. ಮರವನ್ನು ಹೊಸ ಮಣ್ಣಿನಲ್ಲಿ ಕೂರಿಸಿ ನೆರಳಿಗೆ ಸರಿಸಿದರು. ಇನ್ನು ಕಾಯುವುದೊಂದೇ ಕೆಲಸ. ಕೈ ಕಟ್ಟಿ ಕೂರುವುದು ಇಕ್ಕಳಪ್ಪನಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಸೂಜಕ್ಕ ಮರಳಿದಾಗ ಮರದಲ್ಲಿ ಬೆರಳೆಣಿಕೆಯ ಎಲೆಗಳಿದ್ದವು. ಇಕ್ಕಳಪ್ಪ ಏನನ್ನೂ ಮುಚ್ಚಿಡದೆ, ಗೋಡಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಅವಳ ಮುಳ್ಳುಗಳು ಒಂದು ಸಲ ಸರ್ರನೆ ಎದ್ದವು. ಬಹಳ ಹೊತ್ತಿನ ಮೇಲೆ ಇಳಿದವು. ಒಣಗಿದ ಕೊಂಬೆಯನ್ನು ತೋರಿಸಿ, ಇದನ್ನು ನೀನೇ ಕತ್ತರಿಸು ಎಂದಳು. ಅವನು ಕತ್ತರಿಸಿದ. ಅಂದಿನಿಂದ ಮರ ಒಂದು ಕಡೆಗೆ ವಾಲಿದಂತೆ ಕಾಣುತ್ತದೆ. ಕತ್ತರಿಸಿದ ಗಾಯದ ಪಕ್ಕದಲ್ಲಿ ಸಾಸಿವೆಯಷ್ಟು ಕೆಂಪು ಚಿಗುರುಮೊಗ್ಗೊಂದು ಇಣುಕುತ್ತಿರುವುದನ್ನು ಮೊದಲು ಕಂಡದ್ದು ಕಪ್ಪೆ. ಅಂದು ರಾತ್ರಿ ಕೊಳದಲ್ಲಿ ಯಾರಿಗೂ ಅದು ವಟಗುಟ್ಟಿ ನಿದ್ದೆ ಮಾಡಲು ಬಿಡಲಿಲ್ಲ.

ಮೊಮ್ಮಕ್ಕಳ ಊರಿನಿಂದ ಸೂಜಕ್ಕ ತೆಂಗಿನ ಚಿಪ್ಪಿನಲ್ಲಿ ಬೇರೆಯೇ ಒಂದು ಸಸಿ ತಂದಿದ್ದಳು. ಮರುದಿನ ಅದನ್ನು ಇಕ್ಕಳಪ್ಪನ ಮುಂದಿಟ್ಟಳು.

"ಇದಕ್ಕೆ ಯಾವ ಮಣ್ಣು ಹಾಕೋಣ, ಹೇಳು."

ಇಕ್ಕಳಪ್ಪ ಥಟ್ಟನೆ ಇಕ್ಕಳ ಎತ್ತಿದ. ಬಾಯಿಯನ್ನೂ ತೆರೆದ. ಆಮೇಲೆ ಎರಡನ್ನೂ ಮುಚ್ಚಿಕೊಂಡು ಕೇಳಿದ:

"ಅಕ್ಕಾ, ಇದು ಎಲ್ಲಿ ಬೆಳೆದಿತ್ತು?"

ಸೂಜಕ್ಕ ಮುಳ್ಳುಗಳೆಲ್ಲ ಗಿಲಗಿಲ ಎನ್ನುವಂತೆ ನಕ್ಕಳು.

ನೀತಿ: ನಮಗೆ ಹಿತವಾದದ್ದೆಲ್ಲ ಇನ್ನೊಬ್ಬರಿಗೂ ಹಿತವಲ್ಲ, ಉಪಕಾರ ಮಾಡುವ ಮೊದಲು ಅವರಿಗೆ ಬೇಕಾದದ್ದೇನೆಂದು ತಿಳಿಯಬೇಕು.